ರೇಷನ್ ಕಾರ್ಡು ಹಿಡಿದು ಹೋದ ಕಚೇರಿ

ಮೊದಲು ಕೇಳಿಸಿದ್ದು ತಂಬೂರಿ.

ಕರೆಂಟು ಹೋಗಿತ್ತು. ಆಗ ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ದಿನಾ ಸಂಜೆ ಅರ್ಧ ತಾಸು ಕರೆಂಟು ತೆಗೆಯುತ್ತಿದ್ದರು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಪಕ್ಕದ ಮನೆಯ ಟಿವಿ ಧಾರಾವಾಹಿಯ ಅಳು ಅರ್ಧಕ್ಕೇ ನಿಂತಿತು. ಎಲ್ಲ ನಿಂತ ಮೇಲೂ ಒಂದು ಮಾತ್ರ ನಿಲ್ಲಲಿಲ್ಲ. ಜೊಂಯ್ ಎಂದು, ಸಣ್ಣಗೆ, ಎಡಗಡೆಯಿಂದ. ಯಾರದೋ ಮನೆಯಲ್ಲಿ ಶ್ರುತಿಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆದಿದೆ ಎಂದುಕೊಂಡೆ. ಬಾಲ್ಕನಿಗೆ ಹೋಗಿ ಎಡಕ್ಕೆ ಬಗ್ಗಿ ನೋಡಿದೆ. ಕಾಣಲಿಲ್ಲ. ತಿರುಗಿ ನಿಂತೆ. ಶ್ರುತಿಯೂ ನನ್ನ ಜೊತೆಗೇ ತಿರುಗಿ, ಮತ್ತೆ ನನ್ನ ಎಡಗಡೆಯೇ ಬಂದು ನಿಂತಿತು.

ಹಿಂದಿನ ದಿನವಷ್ಟೇ ನಾನು ಜೀವಮಾನದ ಮೊದಲ ಸಂಗೀತ ಕಚೇರಿ ಕೇಳಿ ಬಂದಿದ್ದೆ. ಹಾಗಾಗಿ ಹೆದರಿಕೆ ಆಗಲಿಲ್ಲ.

ಸಂತೋಷ ಆಯಿತು.

ಆ ಸಂತೋಷದಲ್ಲಿ ಆರು ವಾರ ಕಳೆದೆ. ಆ ಆರು ವಾರ ಏನು ಮಾಡುತ್ತಿದ್ದಿರಿ ಎಂದು ಆಮೇಲೆ ಡಾಕ್ಟರು ಕೇಳಿದರು. ತಂಬೂರಿ ಕೇಳುತ್ತಿದ್ದೆ ಅಂತ ಹೇಳುವುದಾದರೂ ಹೇಗೆ? ಅದಕ್ಕೇ ಮೊದಲು ಆ ಕಚೇರಿಯ ವಿಷಯ ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಬರೀ ಕಿವಿಯ ವಿಷಯ ಹೇಳಲಿಕ್ಕೆ ನನಗೆ ಬರುವುದಿಲ್ಲ.

ನಾವು ಧಾರವಾಡದವರು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ, ನಮ್ಮ ಮನೆಯವರು ಬ್ಯಾಂಕಿನಲ್ಲಿ. ಅವರಿಗೆ ಕೊಚ್ಚಿಗೆ ವರ್ಗವಾಯಿತು, ನಾನು ಅವರಿವರ ಕೈಕಾಲು ಹಿಡಿದು ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದೆ. ಆಗ ಮಗಳು ಸುಮಾ ನಾಲ್ಕು ವರ್ಷದವಳು, ಈಗ ಹನ್ನೊಂದು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮಲಯಾಳ. ‘ಸುಮಾ, ಊಟಕ್ಕ ಬಾ’ ಅಂದರೆ ‘ದಾ ವರುನ್ನು’ ಅನ್ನುತ್ತಾಳೆ. ಇಗೋ ಬಂದೆ ಅಂತ. ಬರುವುದಿಲ್ಲ, ಆ ಮಾತು ಬೇರೆ.

ಧಾರವಾಡ ಅಂದಕೂಡಲೇ ಇಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಹಾಡುತ್ತೀರಾ? ಹಾಡುವುದು ಇರಲಿ, ನಾನು ಹಾಡುವವರ ಎದುರಿಗೆ ಕೂತು ಕೇಳಿದವಳೂ ಅಲ್ಲ. ನಮ್ಮಜ್ಜ ಬೈಠಕ್ಕಿಗೆ ಹೋಗುತ್ತಿದ್ದ. ಗಂಡಸರು ಹೋಗುತ್ತಿದ್ದರು. ಮರುದಿನ ಚಹಾ ಕೊಡುವಾಗ ಅಜ್ಜಿ ‘ಹೆಂಗಾತು ಗಾಯನ?’ ಅಂತ ಕೇಳುವವಳು. ಅಜ್ಜ ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ, ‘ಏನ ಹೇಳ್ಲಿ ನಿನಗ’ ಅನ್ನುವವ. ಅಷ್ಟೇ. ಅಜ್ಜಿಯ ಪಾಲಿಗೆ ಬಂದ ಸಂಗೀತವೆಲ್ಲ ಆ ‘ಏನ ಹೇಳ್ಲಿ ನಿನಗ’ದಲ್ಲೇ ಇತ್ತು. ನಾನು ಮಾತು ಕಲಿತದ್ದು ಆ ಇಬ್ಬರಿಂದ. ಹಾಗಾಗಿ ಸಂಗೀತ ಅಂದರೆ ಅಜ್ಜನ ಮೇಲೆತ್ತಿದ ಕೈ ಎಂದೇ ನನ್ನ ತಿಳುವಳಿಕೆ.

ಇನ್ನು ಶಬ್ದದ ವಿಷಯ. ನಮ್ಮ ಕಡೆ ಹಾಡಿಕೆಗೆ ಗಾಯನ ಅನ್ನುತ್ತಾರೆ, ಬೈಠಕ್ ಅನ್ನುತ್ತಾರೆ. ಕಚೇರಿ ಅಂದರೆ ತಹಸೀಲ್ದಾರರು ಕೂಡುವ ಜಾಗ. ಅಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳಿರುತ್ತವೆ, ‘ಸಾಹೇಬ್ರು ಊಟಕ್ಕ ಹೋಗ್ಯಾರ’ ಅನ್ನುವ ಜವಾನ ಇರುತ್ತಾನೆ. ಹಾಡುವುದಕ್ಕೂ ಅದೇ ಹೆಸರು ಇದೆ ಎಂಬುದು ದಕ್ಷಿಣದವರಿಗೆ ಗೊತ್ತು. ಮಲಯಾಳಿಗಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ದಾಕ್ಷಾಯಣಿ ಚೇಚಿ ಇದ್ದಾರೆ. ಚೇಚಿ ಅಂದರೆ ಅಕ್ಕ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಲಿಲ್ಲ, ಸಂಜೆಗಳನ್ನೆಲ್ಲ ಸಂಗೀತಕ್ಕೆ ಕೊಟ್ಟುಬಿಟ್ಟಿದ್ದಾರೆ. ನಮ್ಮ ರೇಷನ್ ಕಾರ್ಡು ಏಳು ವರ್ಷವಾದರೂ ಧಾರವಾಡದ ವಿಳಾಸದಲ್ಲೇ ಇತ್ತು. ಅದನ್ನು ಇಲ್ಲಿಗೆ ಮಾಡಿಸಿಕೊಡುತ್ತೇನೆ ಎಂದು ಚೇಚಿ ಮಾತು ಕೊಟ್ಟಿದ್ದರು. ಹೀಗಿರುವಾಗ ಒಂದು ಶುಕ್ರವಾರ ಮೆಟ್ಟಿಲ ಮೇಲೆ ಸಿಕ್ಕು, ‘ನಾಳೆ ಅಂಜು ಮಣಿಕ್ಕು ಕಚ್ಚೇರಿ ಉಂಡು. ಶಾಂತ ವರಣಂ’ ಅಂದರು. ನಾಳೆ ಐದು ಗಂಟೆಗೆ ಕಚೇರಿ ಇದೆ, ಶಾಂತಾ, ಅಂದರೆ ನಾನು, ಬರಲೇಬೇಕು.

ಶನಿವಾರ ಸಂಜೆ ಐದಕ್ಕೆ ಎಂಥ ಕಚೇರಿ? ಮನೆಯವರನ್ನು ಕೇಳಿದೆ.

‘ರಿಟೈರ್ ಆದವ್ರಿಗೆ ಹಿಂದಿನ ಬಾಗಲಾ ಗೊತ್ತಿರತದ. ಮಂದಿ ಇಲ್ಲದಾಗ ಕರಕೊಂಡು ಹೋಗಿ ಮುಗಿಸಿಬಿಡತಾರ. ನೀ ಸುಮ್ಮ ಹೋಗು’ ಅಂದರು.

ಹೋದೆ. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಅದರ ಎರಡು ಝೆರಾಕ್ಸು, ಮನೆ ಬಾಡಿಗೆಯ ಕರಾರುಪತ್ರ, ಮೂವರ ಫೋಟೊ. ಚೇಚಿ ಜರಿಯಂಚಿನ ಬಿಳಿ ಸೀರೆ ಉಟ್ಟು ಮಲ್ಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದರು. ಇಲ್ಲಿಯ ತಹಸೀಲ್ದಾರರಿಗೆ ಭಾರಿ ಮರ್ಯಾದೆ ಇರಬೇಕು ಎಂದುಕೊಂಡೆ.

ಹಳೆಯ ಅರಮನೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸಭಾಗೃಹ. ಒಳಗೆ ಕುರ್ಚಿಗಳು ಸಾಲಾಗಿದ್ದವು. ಚೇಚಿ ನೆಟ್ಟಗೆ ಮುಂದಿನ ಸಾಲಿಗೆ ನಡೆದರು. ನಾನು ಸುತ್ತಲೂ ನೋಡಿ, ‘ಕೌಂಟರ್ ಎಲ್ಲಿ ಚೇಚಿ?’ ಅಂದೆ.

ಚೇಚಿ ನನ್ನ ಕವರಿನೊಳಗೆ ಇಣುಕಿದರು. ನನ್ನ ಮುಖ ನೋಡಿದರು. ವೇದಿಕೆಯ ಮೇಲಿನ ಮೃದಂಗ ನೋಡಿದರು. ಆಮೇಲೆ ನಗಲಿಕ್ಕೆ ಹತ್ತಿದವರು, ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಕುರ್ಚಿ ಹಿಡಿದುಕೊಂಡು ಕೂತರು. ‘ಎನ್ಟೆ ದೈವಮೇ, ಫೋಟೊ ಸಹ ತಂದಿದ್ದಾಳೆ!’

ಎದ್ದು ಹೋಗೋಣವೆಂದರೆ ಚೇಚಿ ಕೈ ಬಿಡಲಿಲ್ಲ. ಎಡಗಡೆಗೆ ಆಳೆತ್ತರದ ಸ್ಪೀಕರು, ಬಲಗಡೆಗೆ ಚೇಚಿ, ತೊಡೆಯ ಮೇಲೆ ರೇಷನ್ ಕಾರ್ಡು. ಹಾಗೆ ಕೂತೆ.

ಹಾಡುವಾಕೆ ನನ್ನದೇ ವಯಸ್ಸಿನವರು. ಜೋರು ನೆಗಡಿಯಾಗಿತ್ತು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಬಹಳ ಹೊತ್ತು ಎಲ್ಲರೂ ಶ್ರುತಿ ಸೇರಿಸಿದರು. ಅದೇ ಮೊದಲ ಹಾಡೆಂದು ತಿಳಿದು, ಮುಗಿದಕೂಡಲೇ ಚಪ್ಪಾಳೆ ತಟ್ಟಿದೆ. ಒಬ್ಬಳೇ. ಹಾಡು ಶುರುವಾದ ಮೇಲೆ ಅಕ್ಕಪಕ್ಕದವರೆಲ್ಲ ತೊಡೆ ತಟ್ಟಿಕೊಳ್ಳತೊಡಗಿದರು. ಸೊಳ್ಳೆ ಬಹಳ ಎಂದುಕೊಂಡೆ. ನನ್ನ ಮನಸ್ಸಿನಲ್ಲಿ ಬಂದದ್ದು ತಿಳಿಯಿತೋ ಏನೋ, ಚೇಚಿ ತಮ್ಮ ತೊಡೆ ಬಿಟ್ಟು ನನ್ನ ಮೊಣಕಾಲಿನ ಮೇಲೆ ತಾಳ ಹಾಕಲಿಕ್ಕೆ ಶುರು ಮಾಡಿದರು. ಅಂಗೈ, ಕಿರುಬೆರಳು, ಉಂಗುರ ಬೆರಳು, ನಡುಬೆರಳು.

ಮೂರನೆಯದೋ ನಾಲ್ಕನೆಯದೋ ಹಾಡಿಗೆ ಮೊದಲು ಆಕೆ ಮಾತಿಲ್ಲದೆ ಬರೀ ಸ್ವರದಲ್ಲಿ ನಿಧಾನವಾಗಿ ಹತ್ತುತ್ತ ಹೋದರು. ಒಂದು ಮೇಲಿನ ಸ್ವರದ ಹತ್ತಿರ ದನಿ ಒಡೆಯಿತು. ನಿಂತರು. ಒಂದು ಗುಟುಕು ನೀರು ಕುಡಿದು ಮತ್ತೆ ಕೆಳಗಿನಿಂದ ಹೊರಟರು. ಮತ್ತೆ ಅಲ್ಲೇ ಒಡೆಯಿತು. ಪಿಟೀಲಿನವರು ಸಲೀಸಾಗಿ ಆ ಸ್ವರ ಮುಟ್ಟಿ ತೋರಿಸಬಹುದಿತ್ತು. ಮುಟ್ಟಲಿಲ್ಲ. ಆಕೆ ನಿಂತ ಕಡೆಯೇ ತಾವೂ ನಿಂತು ಕಾದರು. ಮೂರನೆಯ ಸಲ ಆಕೆ ಕಣ್ಣು ಮುಚ್ಚಿ, ಅವಸರವಿಲ್ಲದೆ, ಸುತ್ತು ಬಳಸಿ ಬಂದು ಆ ಸ್ವರವನ್ನು ಮುಟ್ಟಿದರು. ಮುಟ್ಟಿ, ಅಲ್ಲೇ ಕೂತುಬಿಟ್ಟರು.

ನೋಡುತ್ತೇನೆ, ನನ್ನ ಕೈ ಮೇಲೆ ಎದ್ದಿತ್ತು. ಅಜ್ಜನ ಕೈ.

ಕಚೇರಿ ಮುಗಿದ ಮೇಲೆ ಚೇಚಿ ನನ್ನನ್ನು ಎಳೆದುಕೊಂಡು ಹೋಗಿ ಹಾಡಿದಾಕೆಗೆ ಪರಿಚಯ ಮಾಡಿಕೊಟ್ಟರು. ರೇಷನ್ ಕಾರ್ಡಿನ ಕಥೆಯನ್ನೂ ಬಿಡಲಿಲ್ಲ. ಮಲಯಾಳದಲ್ಲಿ ಅರ್ಜಿಗೆ ‘ಅಪೇಕ್ಷ’ ಅನ್ನುತ್ತಾರೆ. ಆಕೆ ಮೂಗು ಒರೆಸಿಕೊಳ್ಳುತ್ತ, ‘ಅಪೇಕ್ಷ ಇಟ್ಟುಕೊಂಡು ಬಂದವರು ನೀವೊಬ್ಬರೇ’ ಅಂದರು. ಆಕೆ ಅಂದದ್ದು ಅರ್ಜಿ. ನನಗೆ ಕೇಳಿಸಿದ್ದು ನಮ್ಮ ಕನ್ನಡದ ಅಪೇಕ್ಷೆ.

ಇಂಥ ಸಂಜೆಯ ಮರುದಿನ ಕಿವಿಯಲ್ಲಿ ತಂಬೂರಿ ಉಳಿದರೆ ಯಾರಾದರೂ ಏನೆಂದುಕೊಳ್ಳಬೇಕು? ಚೇಚಿಗೆ ಹೇಳಿದೆ. ‘ಭಾಗ್ಯ ಮಾಡಿದ್ದೀಯ, ನನಗೆ ನಲವತ್ತು ವರ್ಷ ಕೇಳಿದರೂ ಗೇಟು ದಾಟುವಷ್ಟರಲ್ಲಿ ಹೋಗಿಬಿಡುತ್ತದೆ’ ಅಂದರು. ಕರೆಂಟು ಹೋಗುವುದನ್ನೇ ಕಾಯುತ್ತಿದ್ದೆ ನಾನು. ಹೋದಕೂಡಲೇ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಿದ್ದೆ.

ಬೇರೆಯವೂ ಆಗುತ್ತಿದ್ದವು. ನಡೆಯುವಾಗ ಎಡಕ್ಕೆ ವಾಲುತ್ತಿದ್ದೆ. ಚಪ್ಪಲಿ ಸವೆದಿದೆ ಎಂದುಕೊಂಡೆ. ಸುಮಾ ಹೇಳಿದ್ದಕ್ಕೆ ಮೂರು ಮೂರು ಸಲ ‘ಏನ?’ ಅನ್ನುತ್ತಿದ್ದೆ, ಈ ಹುಡುಗಿ ಮಲಯಾಳವನ್ನು ಅವಸರದಲ್ಲಿ ನುಂಗುತ್ತಾಳೆ ಎಂದುಕೊಂಡೆ.

ಪ್ರತಿ ಭಾನುವಾರ ಬೆಳಿಗ್ಗೆ ಧಾರವಾಡಕ್ಕೆ ಅವ್ವನಿಗೆ ಫೋನು ಮಾಡುವುದು ನಮ್ಮ ಮನೆಯ ಪದ್ಧತಿ. ಬಲಗೈಯಲ್ಲಿ ಸೌಟು, ಎಡಗಿವಿಗೆ ರಿಸೀವರು. ಮಾತುಗಳೂ ಯಾವಾಗಲೂ ಅವೇ. ಆರಾಮ ಇದ್ದೀಯೇನು, ಊಟ ಆತೇನು, ಗುಳಿಗಿ ತೊಗೊಂಡೀಯೇನು, ಕಡೆಗೆ ಫೋನು ಇಡುವಾಗ, ಇಡ್ಲೇನು ಹಂಗಾರ. ಒಂದು ವಾರ ಅವ್ವನ ದನಿ ಬಾವಿಯೊಳಗಿನಿಂದ ಬಂದಂತಾಯಿತು. ಮುಂದಿನ ವಾರ ಅದೂ ಇಲ್ಲ. ಟೆಲಿಫೋನಿನವರಿಗೆ ದೂರು ಕೊಟ್ಟೆ. ಒಬ್ಬ ಹಿರಿಯ ಲೈನ್‌ಮನ್ ಬಂದರು. ಡಬ್ಬಿ ಬಿಚ್ಚಿದರು, ತಂತಿ ನೋಡಿದರು, ಯಾರಿಗೋ ಫೋನು ಹಚ್ಚಿ ಮಾತಾಡಿದರು.

‘ಕುಳಪ್ಪಂ ಇಲ್ಲ ಮ್ಯಾಡಂ.’ ತೊಂದರೆ ಏನಿಲ್ಲ.

ನಾನು ಇಸಿದುಕೊಂಡು ಕಿವಿಗೆ ಹಿಡಿದೆ. ‘ಏನೂ ಇಲ್ಲವಲ್ಲ’ ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಮಗಳಿಗೆ ಹೇಳುವ ಹಾಗೆ, ‘ಆ ಕಡೆಯ ಕಿವಿಗೆ ಹಿಡಿಯಿರಿ’ ಅಂದರು.

ಫೋನು ಚೆನ್ನಾಗಿತ್ತು.

ಎರ್ನಾಕುಳಂನ ಇಎನ್‌ಟಿ ಡಾಕ್ಟರು ಆಡಿಯೋಗ್ರಾಮ್ ಮಾಡಿಸಿದರು. ಗಾಜಿನ ಕಪಾಟಿನಂಥ ಕೋಣೆ, ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಶಬ್ದ ಕೇಳಿದಾಗ ಒತ್ತಬೇಕು. ಎಡಗಿವಿಯ ಸರದಿ ಬಂದಾಗ ನಾನು ಒತ್ತಿದ್ದೇ ಒತ್ತಿದ್ದು. ಟೆಸ್ಟ್ ಮಾಡುವ ಹುಡುಗಿ ಬಾಗಿಲು ತೆರೆದು ಬಂದಳು. ‘ಮ್ಯಾಡಂ, ನಾನು ಈಗ ಏನೂ ಶಬ್ದ ಕೊಡುತ್ತಿಲ್ಲ.’

ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಒಂದು ಬಿಳಿ ಗುಂಡು. ಸಣ್ಣ ನೆಲ್ಲಿಕಾಯಿಯಷ್ಟು.

‘ಅಕೂಸ್ಟಿಕ್ ನ್ಯೂರೋಮಾ, ಕಿವಿಯ ನರದ ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಹಾಗೇ ಬಿಡುವಂತೆಯೂ ಇಲ್ಲ, ಮಿದುಳಿಗೆ ಒತ್ತುತ್ತಿದೆ.’

ನಾನು ಸ್ಪೀಕರಿನ ಪಕ್ಕ ಕೂತದ್ದೇ ಕಾರಣ ಎಂದು ಮನೆಯವರು ಮನಸ್ಸಿನಲ್ಲಿ ತೀರ್ಮಾನ ಮಾಡಿಯಾಗಿತ್ತು. ಕೇಳಿಯೂಬಿಟ್ಟರು. ಡಾಕ್ಟರು ತಲೆಯಾಡಿಸಿದರು. ‘ಇದು ಎಷ್ಟೋ ವರ್ಷದಿಂದ ಬೆಳೆಯುತ್ತಿದೆ. ಶಬ್ದವೂ ಆಗಲೇ ಇದ್ದಿರಬಹುದು. ಇವರು ಕಿವಿಗೊಟ್ಟದ್ದು ಆ ದಿನ, ಅಷ್ಟೇ.’

ಆಪರೇಷನ್ನಿಗೆ ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಬೆಳಗಿನ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮನೆಯವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಒಮ್ಮೆ ಮಾತ್ರ ತಿರುಗಿ, ‘ನಾನs ಅಂದಿದ್ದೆ, ಸುಮ್ಮ ಹೋಗು ಅಂತ’ ಅಂದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದ್ದರೂ ಬೇರೆಯವರ ತಪ್ಪು ತೋರಿಸಲು ಬಾರದ ಮನುಷ್ಯ. ಡಾಕ್ಟರು ಅಲ್ಲವೆಂದ ತಪ್ಪನ್ನೂ ತನ್ನ ತಲೆಗೇ ಹಾಕಿಕೊಂಡಿದ್ದರು. ‘ಹೋಗದಿದ್ರ ಗೊತ್ತs ಆಗತಿರಲಿಲ್ಲರೀ’ ಅಂದೆ. ಆಗ ಅದನ್ನು ಅವರ ಸಮಾಧಾನಕ್ಕೆ ಹೇಳಿದ್ದು. ಈಗ ನಿಜವೆಂದೇ ಅನ್ನಿಸುತ್ತದೆ.

ಸರ್ಜನ್ನರು ವಯಸ್ಸಾದವರು, ಕಡಿಮೆ ಮಾತಿನವರು. ಕಾಗದದ ಹಿಂದೆ ಪೆನ್ನಿನಿಂದ ನರ ಬರೆದು ತೋರಿಸಿದರು. ‘ಎಡಗಿವಿ ಉಳಿಯುವುದಿಲ್ಲ. ಮುಖದ ನರ ಪಕ್ಕದಲ್ಲೇ ಇದೆ, ಅದನ್ನು ಉಳಿಸಲು ನೋಡುತ್ತೇನೆ. ಇನ್ನೇನಾದರೂ ಕೇಳುವುದಿದೆಯೇ?’

ಒಂದೇ ಇತ್ತು. ಆ ಸಂಜೆಗೆ ಮೊದಲಾಗಿದ್ದರೆ ಅದು ಪ್ರಶ್ನೆಯೇ ಅಲ್ಲ. ನಲವತ್ತಮೂರು ವರ್ಷಕ್ಕೆ ಒಂದು ಬಾಗಿಲು ತೆರೆದು, ಎರಡೇ ತಿಂಗಳಿಗೆ ಮುಚ್ಚಿಕೊಳ್ಳುತ್ತದೆಯೋ ಎಂಬುದು ನನ್ನ ಸಂಕಟ. ನನ್ನ ಹರಕು ಮಲಯಾಳದಲ್ಲಿ ಕೇಳಿದೆ: ‘ಒಂದೇ ಕಿವಿ ಇಟ್ಟುಕೊಂಡು ಕಚೇರಿಗೆ ಹೋಗಬಹುದಾ ಡಾಕ್ಟರ್?’

‘ಧಾರಾಳವಾಗಿ. ಮೂರು ತಿಂಗಳಿಗೆ ಡ್ಯೂಟಿಗೆ ಸೇರಬಹುದು.’

ಮನೆಯವರು ಆ ದುಃಖದಲ್ಲೂ ನಕ್ಕುಬಿಟ್ಟರು. ‘ಆ ಕಚೇರಿ ಅಲ್ಲ ಡಾಕ್ಟರ್’ ಅಂದೆ. ‘ಹಾಡುವ ಕಚೇರಿ.’

ಅವರು ಪೆನ್ನು ಕೆಳಗಿಟ್ಟರು. ‘ಗೊತ್ತಿಲ್ಲ. ನನ್ನನ್ನು ಯಾರೂ ಇದನ್ನು ಕೇಳಿಲ್ಲ. ನೀವೇ ಹೋಗಿ ನೋಡಿ, ಬಂದು ನನಗೆ ಹೇಳಿ.’

ಆ ‘ಗೊತ್ತಿಲ್ಲ’ ಕೇಳಿದ ಮೇಲೆ ನನಗೆ ಅವರ ಕೈಯಲ್ಲಿ ತಲೆ ಕೊಡಲು ಧೈರ್ಯ ಬಂತು.

ಸುಮಾಳನ್ನು ಚೇಚಿಯ ಹತ್ತಿರ ಬಿಟ್ಟು ಅಡ್ಮಿಟ್ ಆದೆ. ಕಿವಿಯ ಹಿಂದೆ ಕೂದಲು ಬೋಳಿಸಿದರು. ಆಪರೇಷನ್ನಿನ ಹಿಂದಿನ ಸಂಜೆ ಒಬ್ಬಳೇ ಮಂಚದ ಮೇಲೆ ಕೂತು ಎಡಗಿವಿಯಲ್ಲಿ ಇನ್ನೂ ಏನೇನು ಕೇಳುತ್ತದೆ ಎಂದು ಬಲಗಿವಿ ಮುಚ್ಚಿಕೊಂಡು ನೋಡಿದೆ. ಟ್ರಾಲಿಯ ಗಾಲಿ ಅಷ್ಟಿಷ್ಟು. ಬಾಗಿಲು. ಮನುಷ್ಯರ ದನಿಗಳು ಒಡೆದ ರೇಡಿಯೋ ತರಹ. ಅದಕ್ಕೂ ಒಂದು ನಮಸ್ಕಾರ ಹೇಳಿದೆ. ಅವ್ವನ ಮಾತನ್ನೆಲ್ಲ ಇಷ್ಟು ವರ್ಷ ನನಗೆ ತಂದುಕೊಟ್ಟ ಕಿವಿ ಅದು.

ಐಸಿಯುನಲ್ಲಿ ಎಚ್ಚರವಾದಾಗ ಮೊದಲು ಹುಡುಕಿದ್ದು ತಂಬೂರಿಯನ್ನು.

ಇತ್ತು.

ಕಿವಿ ಹೋಗಿತ್ತು, ಶ್ರುತಿ ಹೋಗಿರಲಿಲ್ಲ. ಹಾಗಾಗುವುದುಂಟು, ಮಿದುಳು ಬಿಡುವುದಿಲ್ಲ ಎಂದು ಆಮೇಲೆ ಹೇಳಿದರು.

ಆ ದಿನಗಳನ್ನು ಹೆಚ್ಚು ಬರೆಯಲಾರೆ. ನೆಲ ಓರೆಯಾಗಿತ್ತು. ಹಾಸಿಗೆ ತಿರುಗುತ್ತಿತ್ತು. ಮುಖದ ಎಡಭಾಗ ನನ್ನ ಮಾತು ಕೇಳುತ್ತಿರಲಿಲ್ಲ. ನರ ಉಳಿದಿದೆ, ಏಳಲು ಹೊತ್ತು ಬೇಕು ಅಂದರು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಟೇಪು ಹಚ್ಚುತ್ತಿದ್ದರು. ಚಹಾ ಬಾಯಿಯ ಮೂಲೆಯಿಂದ ಸೋರಿ ಎದೆಯ ಮೇಲೆ ಬೀಳುತ್ತಿತ್ತು. ಮನೆಯವರು ಒಂದು ಟವೆಲನ್ನು ನನ್ನ ಕುತ್ತಿಗೆಗೆ ಕಟ್ಟಿ, ಇನ್ನೊಂದನ್ನು ತಮ್ಮ ಕುತ್ತಿಗೆಗೂ ಕಟ್ಟಿಕೊಂಡು ಚಹಾ ಕುಡಿಯುತ್ತಿದ್ದರು.

ವಾರ್ಡಿಗೆ ಬಂದ ಮೇಲೆ ಇನ್ನೊಂದು ತಿಳಿಯಿತು. ನರ್ಸಮ್ಮಂದಿರ ಮಲಯಾಳ ನನಗೆ ಹತ್ತುತ್ತಿರಲಿಲ್ಲ. ಏಳು ವರ್ಷ ಬಸ್ಸಿನಲ್ಲಿ, ಆಫೀಸಿನಲ್ಲಿ ಕೇಳಿದ ಭಾಷೆ, ಎಲ್ಲ ಗದ್ದಲವಾಗಿ ಒಂದೇ ತೂತಿನಿಂದ ಒಳಗೆ ಬಂದು ಕಲಸಿಹೋಗುತ್ತಿತ್ತು. ಮನೆಯವರ ಕನ್ನಡ ಮಾತ್ರ, ಅರ್ಧ ಕೇಳಿಸಿದರೂ, ಪೂರ್ತಿ ತಿಳಿಯುತ್ತಿತ್ತು. ಕೇಳಿಸದ ಅರ್ಧವನ್ನು ಒಳಗಿನಿಂದ ನನ್ನ ಅಜ್ಜಿ ತುಂಬಿಕೊಡುತ್ತಿದ್ದಳೋ ಏನೋ.

ಭಾನುವಾರ ಚೇಚಿ ಸುಮಾಳನ್ನು ಕರೆದುಕೊಂಡು ಬಂದರು. ನನ್ನ ಮುಖ ನೋಡಿ ಹುಡುಗಿ ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಬಂದು ಎಡಗಡೆ ಕೂತು ಏನೋ ಹೇಳಿದಳು. ತಿಳಿಯಲಿಲ್ಲ. ‘ಏನ?’ ಅಂದೆ. ಮತ್ತೆ ಹೇಳಿದಳು. ವಾರ್ಡಿನಲ್ಲಿ ಗದ್ದಲ. ‘ಏನs ಸುಮಾ?’ ಮೂರನೆಯ ಸಲ ಅವಳ ತುಟಿ ಆಡುವುದು ಕಾಣಿಸಿತು, ಮಾತು ಕೇಳಿಸಲಿಲ್ಲ.

ನನ್ನ ಮಗಳ ಮಾತು ನನಗೆ ತಿಳಿಯುತ್ತಿಲ್ಲ.

ಆಪರೇಷನ್ನಿಗೆ ಅಳದವಳು ಆಗ ಅತ್ತೆ. ಅದೂ ಒಂದೇ ಕಣ್ಣಿನಲ್ಲಿ.

ಸುಮಾ ಎದ್ದಳು. ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಮಂಚ ಸುತ್ತಿ ಬಲಗಡೆ ಬಂದಳು. ನನ್ನ ಕಿವಿಗೆ ಬಾಯಿ ಹಚ್ಚಿದಳು.

‘ಅವ್ವಾ. ಆರಾಮ ಇದ್ದೀಯೇನು?’

ಅವಳು ನನ್ನನ್ನು ಅಮ್ಮಾ ಅನ್ನುವವಳು. ಅವ್ವಾ ಅಂದದ್ದು ಅದೇ ಮೊದಲು.

‘ಹೂಂ’ ಅಂದೆ.

‘ಊಟ ಆತೇನು?’

‘ಆತು.’

‘ಗುಳಿಗಿ ತೊಗೊಂಡೀಯೇನು?’

‘ತೊಗೊಂಡೆ.’

ಎಲ್ಲಿಂದ ಬಂತು ಈ ಕನ್ನಡ? ಆಮೇಲೆ ಹೊಳೆಯಿತು. ಭಾನುವಾರದ ಫೋನು. ಏಳು ವರ್ಷ ನಾನು ಸೌಟು ಹಿಡಿದು ಮಾತಾಡುವಾಗ ಅವಳು ಮೇಜಿನ ಕೆಳಗೆ ಆಡುತ್ತಿದ್ದಳು, ಆಮೇಲೆ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದಳು. ಅವಳ ಬಾಯಿಗೆ ಬಂದ ಕನ್ನಡ ಅಷ್ಟೇ. ಎಪ್ಪತ್ತು ವರ್ಷದ ಮುದುಕಿಯ ಆರೋಗ್ಯ ವಿಚಾರಿಸುವ ಕನ್ನಡ. ಅದೂ ಸರಿಯಾಗಿ ಅದೇ ಕ್ರಮದಲ್ಲಿ. ಹವಾ ಹೆಂಗದ, ಮಳಿ ಆತೇನು, ನೀರು ಬಂತೇನು ಅಂತ ಎಲ್ಲ ಕೇಳಿದಳು. ಎಲ್ಲದಕ್ಕೂ ಉತ್ತರ ಕೊಟ್ಟೆ. ನಾಲ್ಕನೇ ಮಹಡಿಯ ವಾರ್ಡಿನಲ್ಲಿ ಮಲಗಿ, ಹೌದು, ನಳಕ್ಕೆ ನೀರು ಬಂತು ಅಂದೆ.

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆದರು. ಸುಮಾ ನನ್ನ ಕಿವಿಗೆ ಮತ್ತೆ ಬಾಯಿ ತಂದು, ಬಹಳ ಗಂಭೀರವಾಗಿ ಕೇಳಿದಳು:

‘ಇಡ್ಲೇನು ಹಂಗಾರ?’

ಮನೆಗೆ ಹೋಗುವಾಗ ಏನು ಹೇಳಬೇಕೋ ಅವಳಿಗೆ ಗೊತ್ತಿರಲಿಲ್ಲ. ಮಾತು ಮುಗಿಸುವಾಗ ಏನು ಹೇಳುತ್ತಾರೋ ಅಷ್ಟು ಗೊತ್ತಿತ್ತು. ನಾನು ಅರ್ಧ ಬಾಯಿಯಲ್ಲಿ ನಕ್ಕೆ. ಆಪರೇಷನ್ ಆದ ಮೇಲಿನ ಮೊದಲ ನಗು. ‘ಇಡಬ್ಯಾಡ’ ಅಂದೆ. ನರ್ಸು ಬಂದು ಕೈ ಹಿಡಿದು ಕರೆದುಕೊಂಡು ಹೋಗುವ ತನಕ ಅವಳು ಇಡಲಿಲ್ಲ.

ತ್ರಿಪ್ಪುಣಿತ್ತುರಕ್ಕೆ ವಾಪಸು ಬಂದೆವು. ಗೋಡೆ ಹಿಡಿದು ನಡೆಯುವುದನ್ನು ಕಲಿತೆ. ಮುಖ ನಿಧಾನವಾಗಿ ಎದ್ದಿತು. ಈಗ ದಣಿದಾಗ ಮಾತ್ರ ಎಡತುಟಿ ಸ್ವಲ್ಪ ಇಳಿಯುತ್ತದೆ. ಯಾರಾದರೂ ಕರೆದರೆ ಯಾವ ಕಡೆಯಿಂದ ಎಂದು ತಿಳಿಯುವುದಿಲ್ಲ, ಸುತ್ತ ತಿರುಗಿ ಹುಡುಕುತ್ತೇನೆ. ಮೂರು ತಿಂಗಳಿಗೆ ಕಚೇರಿಗೆ ಹೋದೆ, ಗುಮಾಸ್ತಿಕೆಯ ಕಚೇರಿಗೆ. ಹಾಡುವ ಕಚೇರಿಗೆ ಹೋಗಲಿಲ್ಲ. ಚೇಚಿ ಎರಡು ಸಲ ಕರೆದರು, ಎರಡು ಸಲವೂ ತಲೆನೋವು ಅಂದೆ. ತಲೆನೋವು ಇರಲಿಲ್ಲ. ಹೋಗಿ, ಕೇಳಿ, ಏನೂ ಇಲ್ಲವೆಂದು ತಿಳಿದರೆ? ಹೋಗದಿದ್ದರೆ ಆ ನೆಗಡಿಯ ಹಾಡಾದರೂ ನನ್ನ ಹತ್ತಿರ ಹಾಗೇ ಉಳಿಯುತ್ತದಲ್ಲ ಎಂಬ ಆಸೆ.

ದಸರೆಯ ಪೂಜಾ ರಜೆಯಲ್ಲಿ ರಿವ್ಯೂ ಬಂತು. ಮನೆಯವರಿಗೆ ಬ್ಯಾಂಕಿನಲ್ಲಿ ಆಡಿಟ್ ಇತ್ತು. ಚೇಚಿ, ಸುಮಾ, ನಾನು ತಿರುವನಂತಪುರಕ್ಕೆ ಹೋದೆವು. ಸರ್ಜನ್ನರು ಹೊಲಿಗೆಯ ಗೆರೆ ನೋಡಿದರು, ಕಣ್ಣು ಮುಚ್ಚಿಸಿದರು, ನಡೆಸಿ ನೋಡಿದರು. ‘ಒಳ್ಳೆಯದು’ ಅಂದರು. ಆಮೇಲೆ, ‘ನನಗೊಂದು ಉತ್ತರ ಬರಬೇಕಿತ್ತಲ್ಲ?’

ನಾನು ತಲೆ ತಗ್ಗಿಸಿದೆ. ‘ಹೋಗಿಲ್ಲ ಡಾಕ್ಟರ್.’

ಅವರು ಮುಂದಿನ ರಿವ್ಯೂ ತಾರೀಕು ಬರೆದುಕೊಟ್ಟರು. ಬಿಡದೆ ಹಿಡಿದದ್ದು ಚೇಚಿ. ಹೊರಗೆ ಬಂದ ಮೇಲೆ, ಮೆಟ್ಟಿಲ ಮೇಲೆ ನಿಂತು, ‘ಇವತ್ತು ಐದಕ್ಕೆ ಇಲ್ಲೇ ಹತ್ತಿರ ಕಚ್ಚೇರಿ ಉಂಡು. ಶಾಂತ ವರಣಂ. ರೇಷನ್ ಕಾರ್ಡು ನಾನು ತಂದಿದ್ದೇನೆ.’ ಬ್ಯಾಗಿನಿಂದ ತೆಗೆದು ತೋರಿಸಿದರು. ನಾನು ಆಸ್ಪತ್ರೆಯಲ್ಲಿದ್ದಾಗ ಮಾಡಿಸಿಟ್ಟಿದ್ದರಂತೆ. ಹೊಸ ಕಾರ್ಡು, ತ್ರಿಪ್ಪುಣಿತ್ತುರದ ವಿಳಾಸ, ಮೂವರ ಹೆಸರು.

ಇನ್ನು ಹೇಗೆ ಇಲ್ಲ ಅನ್ನಲಿ?

ಎಡಗಡೆಯ ಗೋಡೆಗೆ ಅಂಟಿ ಕೂತೆವು, ಬಲಗಿವಿ ವೇದಿಕೆಗೆ ಇರುವಂತೆ. ನನ್ನ ಬಲಕ್ಕೆ ಸುಮಾ, ಅವಳ ಬಲಕ್ಕೆ ಚೇಚಿ. ಹಾಡುವವರು ಒಬ್ಬ ಹಿರಿಯರು. ಶುರುವಾಯಿತು.

ಚೆನ್ನಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ದನಿ, ಪಿಟೀಲು, ಮೃದಂಗ, ಫ್ಯಾನು, ಯಾರದೋ ಕೆಮ್ಮು, ಎಲ್ಲ ಒಂದೇ ಚೀಲಕ್ಕೆ ತುಂಬಿದಂತೆ. ಮೇಲಾಗಿ ನನ್ನ ಎಡಗಡೆಯ ತಂಬೂರಿ ಅವರ ಶ್ರುತಿಗಿಂತ ಒಂದು ಕೂದಲೆಳೆ ಮೇಲಿತ್ತು, ಕೂಡಲೊಲ್ಲದು. ಎರಡು ಹಾಡು ತಡೆದುಕೊಂಡೆ. ಮೂರನೆಯದಕ್ಕೆ ಏಳಬೇಕೆಂದು ಚಪ್ಪಲಿಯಲ್ಲಿ ಕಾಲು ಹಾಕಿದೆ.

ಮೊಣಕಾಲಿನ ಮೇಲೆ ಒಂದು ಕೈ ಬಂತು. ಅಂಗೈ, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಸುಮಾ. ವೇದಿಕೆಯ ಕಡೆಗೇ ನೋಡುತ್ತಿದ್ದಳು. ನಾನು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಚೇಚಿ ಅವಳಿಗೆ ಕಲಿಸಿದ್ದು ಇದು.

ಚಪ್ಪಲಿ ಬಿಟ್ಟು ಕೂತೆ. ಕಿವಿಯಿಂದ ಬಾರದ್ದು ಮೊಣಕಾಲಿನಿಂದ ಬರತೊಡಗಿತು. ಮೃದಂಗ ಎಲ್ಲಿದೆ ಎಂದು ಕಿವಿಗೆ ಗೊತ್ತಾಗುತ್ತಿರಲಿಲ್ಲ, ಆ ಬೆರಳುಗಳಿಗೆ ಗೊತ್ತಿತ್ತು. ಅದನ್ನು ಹಿಡಿದುಕೊಂಡ ಮೇಲೆ ದನಿ ಬೇರೆಯಾಗಿ ಬಂತು. ಪೂರ್ತಿ ಅಲ್ಲ. ನಡುನಡುವೆ. ಒಂದು ಸಲ, ಒಂದೇ ಸಲ, ಹಿರಿಯರು ಒಂದು ಸ್ವರವನ್ನು ಸುತ್ತಿ ಬಳಸಿ ತಂದು ಇಳಿಸಿದಾಗ ನನ್ನ ಕೈ ತೊಡೆಯಿಂದ ನಾಲ್ಕು ಬೆರಳು ಮೇಲೆದ್ದಿತು. ಅಜ್ಜನಷ್ಟು ಅಲ್ಲ. ನಾಲ್ಕು ಬೆರಳು.

ಹೋಗಬಹುದು ಡಾಕ್ಟರ್. ಒಬ್ಬರು ಜೊತೆಗೆ ಬೇಕು. ಮುಂದಿನ ರಿವ್ಯೂಗೆ ಇದನ್ನೇ ಹೇಳುತ್ತೇನೆ.

ಕಚೇರಿ ಮುಗಿಯಿತು. ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿದರು, ಅವರ ಶ್ರುತಿ ನಿಂತಿತು. ಜನ ಎದ್ದರು. ಏಳೂವರೆಯ ರೈಲಿತ್ತು, ಚೇಚಿ ಬ್ಯಾಗು ಹೆಗಲಿಗೆ ಹಾಕಿಕೊಂಡರು. ಸುಮಾ ಅರ್ಧ ಎದ್ದವಳು ನನ್ನ ಮುಖ ನೋಡಿ ನಿಂತಳು. ಬಲಗಿವಿಗೆ ಬಗ್ಗಿದಳು.

‘ಅವ್ವಾ, ನಿಂದು ಇನ್ನೂ ನಡದದೇನು?’

‘ನಡದದ.’

ಕುರ್ಚಿಗಳನ್ನು ಮಡಚುವ ಸದ್ದು ಶುರುವಾಗಿತ್ತು. ಅವಳು ಮತ್ತೆ ಕೂತಳು, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

‘ಹಂಗಾರ ನಾನೂ ಇಡೂದಿಲ್ಲ.’